ಸೀಲಿಯಾಕ್ ಅಂತ ಗೊತ್ತಾದ ಮೇಲೆ ನಮ್ಮ ಅಡುಗೆಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಗಿ ಆರು ವರ್ಷ ಆಯಿತು. ಅದಕ್ಕೂ ಮುಂಚೆ ನಾಲ್ಕೈದು ವರ್ಷ ಗ್ಯಾಸು, ರಕ್ತ ಕಡಿಮೆ, ಟೆನ್ಷನ್ನು ಅಂತ ಏನೇನೋ ಮಾತ್ರೆ ನುಂಗಿಕೊಂಡಿದ್ದೆ. ಈಗ ಪರಿಚಯದವರ ಮನೆಯಲ್ಲಿ ಯಾರಿಗಾದರೂ ಇದು ಇದೆ ಅಂತ ಆದರೆ ಫೋನ್ ನನಗೆ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಮೈಸೂರಿನಲ್ಲಿ ಮನೆ ನೋಡಿಕೊಂಡು ಕೆಲಸಕ್ಕೂ ಹೋಗುವವಳು. ಟೆಸ್ಟು, ಔಷಧಿ ವಿಷಯಕ್ಕೆ ನಿಮ್ಮ ಗ್ಯಾಸ್ಟ್ರೋ ಡಾಕ್ಟರ್ ಹೇಳಿದ್ದೇ ಕೊನೆ. ಅಡುಗೆಮನೆ ವಿಷಯಕ್ಕೆ ಮಾತ್ರ ನನ್ನ ಮಾತು ಸ್ವಲ್ಪ ಕೇಳಿ.

ಸೀಲಿಯಾಕ್ ಅಂದರೆ ಗೋಧಿ ಅಲರ್ಜಿ ತಾನೇ?

ಅಲ್ಲ. ಅಲರ್ಜಿ ಬೇರೆ, ಇದು ಬೇರೆ. ಗೋಧಿ, ಬಾರ್ಲಿ, ರೈ (ಗೋಧಿಯ ಥರದ್ದೇ ವಿದೇಶಿ ಧಾನ್ಯ, ಸಾಸಿವೆ ಅಲ್ಲ) ಅನ್ನೋ ಮೂರು ಧಾನ್ಯಗಳಲ್ಲಿ ಗ್ಲುಟನ್ ಅಂತ ಒಂದು ಪ್ರೋಟೀನ್ ಇರುತ್ತದೆ. ಹೋಳಿಗೆಗೆ ಕಲಸಿದ ಕಣಕವನ್ನು ಎಳೆದರೆ ರಬ್ಬರಿನ ಹಾಗೆ ಬರುತ್ತದಲ್ಲ, ಅದು ಗ್ಲುಟನ್ ಕೆಲಸ. ನಮ್ಮಂಥವರ ಹೊಟ್ಟೆಗೆ ಅದು ಹೋದರೆ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೆ ಟರ್ಕಿ ಟವೆಲ್ಲಿನ ಎಳೆಗಳ ಹಾಗೆ ಸಣ್ಣ ಸಣ್ಣ ಕುಚ್ಚುಗಳಿರುತ್ತವೆ. ಊಟದ ಸತ್ವ ಹೀರಿಕೊಳ್ಳುವುದು ಅವು. ಅವೇ ಸವೆದು ಬೋಳಾಗುತ್ತವೆ. ಆಮೇಲೆ ಎಷ್ಟು ಸೊಪ್ಪು ತಿಂದರೂ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ.

ನನ್ನನ್ನು ಹೊಟ್ಟೆನೋವಿಗಿಂತ ಜಾಸ್ತಿ ಕಾಡಿದ್ದು ರಕ್ತಹೀನತೆ. ಹಿಮೋಗ್ಲೋಬಿನ್ 7ಕ್ಕೆ ಬಂದು ನಿಂತಿತ್ತು, ಎರಡನೇ ಮಹಡಿ ಹತ್ತಿದರೆ ಏದುಸಿರು. ಬೇರೆಯವರಿಗೆ ಭೇದಿ, ಮಲಬದ್ಧತೆ, ಬಾಯಿಹುಣ್ಣು, ಮೊಣಕೈ ಮೊಣಕಾಲಿನ ಮೇಲೆ ತುರಿಕೆಯ ಗುಳ್ಳೆ ಆಗಬಹುದು. ಮಕ್ಕಳಾದರೆ ಎತ್ತರ ಬೆಳೆಯದೆ ನಿಂತುಬಿಡಬಹುದು. ಯಾವ ಲಕ್ಷಣವೂ ಇಲ್ಲದವರೂ ಇದ್ದಾರೆ. ಇದಕ್ಕೆ ಅಂತ ಮಾತ್ರೆ ಇಲ್ಲ. ಗ್ಲುಟನ್ ಇಲ್ಲದ ಊಟವೇ ಚಿಕಿತ್ಸೆ, ಜೀವನಪೂರ್ತಿ.

ಟೆಸ್ಟ್ ಆಮೇಲೆ ಮಾಡಿಸೋಣ, ಈಗಲೇ ಗೋಧಿ ಬಿಟ್ಟು ನೋಡಲಾ?

ದಯವಿಟ್ಟು ಬೇಡ. ಟಿಟಿಜಿ-ಐಜಿಎ ಅಂತ ಒಂದು ರಕ್ತಪರೀಕ್ಷೆ ಇದೆ, ಸೀಲಿಯಾಕ್ ಇದ್ದವರ ರಕ್ತದಲ್ಲಿ ಏರುವ ಒಂದು ಪ್ರತಿಕಾಯವನ್ನು ಅದು ಅಳೆಯುತ್ತದೆ. ಅದರ ಜೊತೆ ಒಟ್ಟು ಐಜಿಎ, ಅಂದರೆ ಆ ಜಾತಿಯ ಪ್ರತಿಕಾಯ ರಕ್ತದಲ್ಲಿ ಒಟ್ಟು ಎಷ್ಟಿದೆ ಅಂತ ಕೂಡ ನೋಡುತ್ತಾರೆ. ಅದರಲ್ಲಿ ಅನುಮಾನ ಬಂದರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಶುರುವಿನಿಂದ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಗೋಧಿ ತಿನ್ನುತ್ತಿದ್ದರೆ ಮಾತ್ರ ಇವೆರಡೂ ಸರಿಯಾಗಿ ತೋರಿಸುವುದು. ಬಿಟ್ಟು ಕೆಲವು ತಿಂಗಳಾದ ಮೇಲೆ ಹೋದರೆ ರಿಪೋರ್ಟ್ ನಾರ್ಮಲ್ ಅಂತ ಬಂದು, ಮತ್ತೆ ವಾರಗಟ್ಟಲೆ ಗೋಧಿ ತಿಂದು ಟೆಸ್ಟ್ ಮಾಡಿಸುವ ಪಾಡು ನಿಮ್ಮದಾಗುತ್ತದೆ.

ಇದು ಉತ್ತರ ಭಾರತದವರ ಕಾಯಿಲೆ ಅಲ್ವಾ?

ಅಲ್ಲಿ ಜಾಸ್ತಿ, ನಿಜ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಉತ್ತರದಲ್ಲಿ ಸಾವಿರಕ್ಕೆ ಎಂಟರಷ್ಟು ಜನರಿಗೆ ಇದು ಕಂಡಿತ್ತು, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರ ಆಸುಪಾಸು. ಅದೇ ಅಧ್ಯಯನದಲ್ಲಿ ಉತ್ತರದವರು ದಿನಕ್ಕೆ ಸುಮಾರು 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಈಗ ನಮ್ಮ ಮನೆಗಳನ್ನೇ ನೋಡಿ. ರಾತ್ರಿ ಚಪಾತಿ, ಬೆಳಿಗ್ಗೆ ಬ್ರೆಡ್ಡು, ಸಂಜೆ ಬಿಸ್ಕತ್ತು. ಶುಗರ್ ಬಂದವರಿಗಂತೂ ಅನ್ನ ಬಿಡಿ ಚಪಾತಿ ತಿನ್ನಿ ಅಂತ ಎಲ್ಲರೂ ಹೇಳುವವರೇ.

ಕಡಿಮೆ ಇರುವುದರ ತೊಂದರೆ ಏನೆಂದರೆ ಇಲ್ಲಿ ಯಾರಿಗೂ ಅದು ಬೇಗ ಹೊಳೆಯುವುದಿಲ್ಲ. ನನ್ನನ್ನು ನೋಡಿದ ನಾಲ್ಕು ಡಾಕ್ಟರಲ್ಲಿ ಮೂವರು ಆ ಹೆಸರೇ ಎತ್ತಲಿಲ್ಲ.

ಹಾಗಾದರೆ ಇನ್ನು ತಿನ್ನೋದೇನು?

ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ, ಸಬ್ಬಕ್ಕಿ ಯಾವುದರಲ್ಲೂ ಗ್ಲುಟನ್ ಇಲ್ಲ. ಎಲ್ಲ ಬೇಳೆಕಾಳು, ತರಕಾರಿ, ಹಾಲು ಮೊಸರು, ಮೊಟ್ಟೆ, ಮೀನು, ಮಾಂಸ ತಿನ್ನಬಹುದು. ಮುದ್ದೆ ಬಸ್ಸಾರು, ಅಕ್ಕಿ ರೊಟ್ಟಿ, ನೀರು ದೋಸೆ, ಅಕ್ಕಿ ಕಡುಬು, ಜೋಳದ ರೊಟ್ಟಿ ಎಣ್ಣೆಗಾಯಿ, ಮೊಸರವಲಕ್ಕಿ, ಪಡ್ಡು. ಪಂಜಾಬಿನಲ್ಲಿ ಒಬ್ಬರಿಗೆ ಸೀಲಿಯಾಕ್ ಅಂತಾದರೆ ಊಟದ ತಟ್ಟೆಯನ್ನೇ ಬದಲಿಸಬೇಕು. ನಮ್ಮ ಅಜ್ಜಿಯ ತಟ್ಟೆಯಲ್ಲಿ ಗೋಧಿ ಬರುತ್ತಿದ್ದದ್ದೇ ಹಬ್ಬಕ್ಕೆ.

ಮೊದಲ ವಾರ ನಾನು ಅತ್ತುಕೊಂಡು ಆನ್‌ಲೈನಿನಲ್ಲಿ ದುಬಾರಿ ಬ್ರೆಡ್ ತರಿಸಿದ್ದೆ. ಥರ್ಮಾಕೋಲ್ ತಿಂದ ಹಾಗಿತ್ತು. ಪಕ್ಕದಲ್ಲೇ ಅತ್ತೆ ಕಾದ ಹೆಂಚಿನ ಮೇಲೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು.

ಸರಿ, ಬಿಡಬೇಕಾದ್ದು ಯಾವುದು? ಚಪಾತಿ, ಬ್ರೆಡ್ಡು ಅಷ್ಟೇನಾ?

ಅಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ತುಂಬ ಜನ ಎಡವುವುದು ರವೆಯಲ್ಲಿ. ರವೆ ಅಂದರೆ ಗೋಧಿ. ಉಪ್ಪಿಟ್ಟು ರವೆ, ಚಿರೋಟಿ ರವೆ, ಬನ್ಸಿ ರವೆ ಎಲ್ಲ ಗೋಧಿಯೇ. ಹಾಗಾಗಿ ಉಪ್ಪಿಟ್ಟು, ಕೇಸರಿಬಾತು, ಅವೆರಡೂ ಸೇರಿದ ಚೌಚೌ ಬಾತು, ರವೆ ಉಂಡೆ, ರವೆ ದೋಸೆ, ರವೆ ಇಡ್ಲಿ ಎಲ್ಲಕ್ಕೂ ಕೈಮುಗಿಯಬೇಕು. ಆದರೆ ಅಂಗಡಿಯಲ್ಲಿ ಇಡ್ಲಿ ರವೆ ಅಂತ ಸಿಗುತ್ತದಲ್ಲ, ಅದು ಅಕ್ಕಿ ತರಿ, ಅದು ಆಗುತ್ತದೆ. ಇಡ್ಲಿ ರವೆ ಸರಿ, ರವೆ ಇಡ್ಲಿ ತಪ್ಪು. ನಮ್ಮ ಯಜಮಾನರಿಗೆ ಇದನ್ನು ಅರ್ಥಮಾಡಿಸಲು ನನಗೆ ಒಂದು ತಿಂಗಳು ಬೇಕಾಯಿತು.

ಇಲ್ಲೊಂದು ತಮಾಷೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿತು ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಅದೇ ಯುದ್ಧದಲ್ಲಿ, 1944-45ರ ಚಳಿಗಾಲದಲ್ಲಿ, ನೆದರ್ಲೆಂಡ್ಸಿನಲ್ಲಿ ಬ್ರೆಡ್ಡಿಗೆ ಬರ ಬಂತು. ವಿಲೆಮ್ ಡಿಕೆ ಅನ್ನೋ ಮಕ್ಕಳ ಡಾಕ್ಟರಿಗೆ ಈ ಕಾಯಿಲೆಗೆ ಗೋಧಿಯೇ ಕಾರಣ ಅನ್ನೋ ಅನುಮಾನ ಮೊದಲೇ ಇತ್ತು. ಬ್ರೆಡ್ ಸಿಗದ ದಿನಗಳಲ್ಲಿ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡು, ಬ್ರೆಡ್ ಮತ್ತೆ ಬಂದಾಗ ಮಲಗಿದ್ದು ಕಂಡು ಅದು ಗಟ್ಟಿಯಾಯಿತು. 1950ರಲ್ಲಿ ಅದನ್ನೇ ಪ್ರಬಂಧ ಬರೆದರು. ಅಲ್ಲಿ ಗೋಧಿ ಹೋಗಿ ಮಕ್ಕಳು ಉಳಿದವು, ಇಲ್ಲಿ ಗೋಧಿ ಇಡ್ಲಿಯೊಳಗೆ ಬಂತು!

ಇನ್ನು ಮೈದಾ. ಹೋಳಿಗೆಯ ಕಣಕ, ಕರ್ಜಿಕಾಯಿ, ಮದ್ದೂರು ವಡೆ, ಗೋಳಿಬಜೆ, ಮಂಗಳೂರು ಬನ್ಸು, ಪರೋಟ. ಕೋಡುಬಳೆ, ನಿಪ್ಪಟ್ಟು ಅಕ್ಕಿಹಿಟ್ಟಿನದು ಅಂದುಕೊಳ್ಳುತ್ತೇವೆ, ಆದರೆ ಗರಿಗರಿಯಾಗಲಿ ಅಂತ ಮೈದಾನೋ ಚಿರೋಟಿ ರವೆಯೋ ಸೇರಿಸುವವರು ತುಂಬ ಜನ. ಗೋಬಿ ಮಂಚೂರಿಯಲ್ಲಿ ಮೈದಾ ಒಂದು ಕಡೆ, ಸೋಯಾ ಸಾಸ್ ಇನ್ನೊಂದು ಕಡೆ. ಸಾಮಾನ್ಯ ಸೋಯಾ ಸಾಸನ್ನು ಗೋಧಿ ಸೇರಿಸಿಯೇ ಮಾಡುವುದು. ಶ್ಯಾವಿಗೆ ಗೋಧಿಯದೋ ಅಕ್ಕಿಯದೋ ನೋಡಿ ತನ್ನಿ. ಕಪ್ಲಿ ಗೋಧಿ, ಜವೆಗೋಧಿ ಹಳೇ ಕಾಲದ್ದು, ಏನೂ ಆಗಲ್ಲ ಅನ್ನುವವರ ಮಾತು ಕೇಳಬೇಡಿ. ಹಳೇದಾದರೂ ಗೋಧಿ ಗೋಧಿಯೇ. ಮಲ್ಟಿಗ್ರೇನ್ ಆಟಾದಲ್ಲೂ ಮುಖ್ಯವಾಗಿ ಇರುವುದು ಅದೇ.

ಬಾರ್ಲಿಯನ್ನು ಮರೆಯಬೇಡಿ. ಬೇಸಿಗೆಗೆ ಬಾರ್ಲಿ ನೀರು ಬೇಡ, ಬಿಯರ್ ಬೇಡ. ಹಾರ್ಲಿಕ್ಸ್, ಬೋರ್ನ್‌ವಿಟಾ ಥರದವಕ್ಕೆ ಬಾರ್ಲಿ, ಗೋಧಿಯ ಮಾಲ್ಟ್ ಬೇಕೇ ಬೇಕು. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಮಾತ್ರ ಧಾರಾಳವಾಗಿ ಕುಡಿಯಿರಿ.

ಗೋಧಿ ಮುಟ್ಟಿಯೇ ಇಲ್ಲ, ಆದರೂ ಟಿಟಿಜಿ ಇಳಿದಿಲ್ಲ. ಯಾಕೆ?

ನಿಮ್ಮ ರಾಗಿ ಎಲ್ಲಿ ಬೀಸಿಸುತ್ತೀರಿ?

ನಾನು ಎಂಟು ತಿಂಗಳು ಒಂದು ತುಂಡು ಚಪಾತಿ ತಿಂದಿರಲಿಲ್ಲ. ದಿನಾ ಮುದ್ದೆ. ಆದರೂ ರಿಪೋರ್ಟ್ ಹಾಗೇ. ಡಾಕ್ಟರ್ ಕದ್ದು ತಿನ್ನುತ್ತಿದ್ದೀರಾ ಅಂತ ನಗುತ್ತಲೇ ಕೇಳಿದರು, ನನಗೆ ಅಳು ಬಂತು. ಒಂದು ಭಾನುವಾರ ಮಿಲ್ಲಿನಲ್ಲಿ ಪಾಳಿ ನಿಂತಿದ್ದೆ. ನನ್ನ ಮುಂದಿನವರು ಐದು ಕೆಜಿ ಗೋಧಿ ಬೀಸಿಸಿಕೊಂಡು ಹೋದರು. ಅದೇ ಬಾಯಿಗೆ ನನ್ನ ರಾಗಿ ಸುರಿದರು. ಹಿಟ್ಟು ಬೀಳುವ ಕಡೆ ಒಂದು ಉದ್ದನೆಯ ಬಟ್ಟೆ ಚೀಲ ಕಟ್ಟಿರುತ್ತಾರಲ್ಲ, ಅದನ್ನು ಆತ ಪಟಪಟ ಅಂತ ಎರಡು ಸಲ ತಟ್ಟಿದ. ನನ್ನ ಡಬ್ಬಕ್ಕೆ ಮೊದಲು ಬಿದ್ದದ್ದು ರಾಗಿ ಬಣ್ಣದ್ದಲ್ಲ. ಕೆನೆಬಣ್ಣದ ಹಿಟ್ಟು, ಒಂದು ಮುಷ್ಟಿಯಷ್ಟು. ಆಮೇಲೆ ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿತು. ಮಿಲ್ಲಿನವನದ್ದೇನೂ ತಪ್ಪಿಲ್ಲ, ಎಲ್ಲರಿಗೂ ಹಾಗೇ ಬೀಸುವುದು, ಹತ್ತು ವರ್ಷದಿಂದ ನಾನೂ ನೋಡುತ್ತಲೇ ಇದ್ದೆ. ಅವತ್ತು ಮೊದಲ ಸಲ ಕಣ್ಣಿಗೆ ಬಿತ್ತು.

ಬೆಳಿಗ್ಗೆ ಮೊದಲ ಪಾಳಿಗೆ ಹೋಗುತ್ತೇನೆ ಅನ್ನುವವರಿದ್ದಾರೆ. ಹಿಂದಿನ ದಿನದ ಹಿಟ್ಟು ಕಲ್ಲಿನ ಸಂದಿಯಲ್ಲಿ, ಬಟ್ಟೆಯಲ್ಲಿ ಹಾಗೇ ಇರುತ್ತದೆ, ಉಪಯೋಗವಿಲ್ಲ. ಅಕ್ಕಿಹಿಟ್ಟಾದರೆ ಅಕ್ಕಿ ನೆನೆಸಿ, ನೆರಳಲ್ಲಿ ಬಟ್ಟೆ ಮೇಲೆ ಹರಡಿ, ಸ್ವಲ್ಪ ಪಸೆ ಇರುವಾಗಲೇ ಮಿಕ್ಸಿಗೆ ಹಾಕಿ ಜರಡಿ ಹಿಡಿಯಿರಿ. ರಾಗಿ, ಜೋಳಕ್ಕೆ ನಾವು ಕೊನೆಗೆ ಮನೆಗೆ ಅಂತಲೇ ಸಿಗುವ ಸಣ್ಣ ಹಿಟ್ಟಿನ ಗಿರಣಿ ತಂದೆವು. ದುಡ್ಡು ಜಾಸ್ತಿಯೇ ಆಯಿತು. ಆದರೆ ಮುಂದಿನ ಆರು ತಿಂಗಳಲ್ಲಿ ಟಿಟಿಜಿ ಅರ್ಧಕ್ಕಿಂತ ಕೆಳಗೆ ಬಂತು. ಆ ಗಿರಣಿಯಲ್ಲಿ ಗೋಧಿ ಬೀಸಿಕೊಡಿ ಅಂತ ನೆಂಟರು ಬಂದರೆ ಮುಲಾಜಿಲ್ಲದೆ ಇಲ್ಲ ಅನ್ನಿ.

ಬೀಸುವ ಮುಂಚೆ ಕಾಳನ್ನು ಮೊರದಲ್ಲಿ ಹಾಕಿ ಆರಿಸಿ. ಜೋಳದಲ್ಲಿ ಅಲ್ಲೊಂದು ಇಲ್ಲೊಂದು ಗೋಧಿ ಕಾಳು ನನಗೇ ಎಷ್ಟೋ ಸಲ ಸಿಕ್ಕಿದೆ. ಕಡಲೆಹಿಟ್ಟನ್ನೂ ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು.

ಹಿಂಗಿನಲ್ಲೂ ಗೋಧಿ ಇರುತ್ತಂತೆ, ನಿಜವಾ?

ನಿಜ. ಅಂಗಡಿಯಲ್ಲಿ ಸಿಗುವ ಹಿಂಗು ಅಪ್ಪಟ ಹಿಂಗಲ್ಲ. ಅಪ್ಪಟದ್ದು ಅಷ್ಟು ಘಾಟು, ಹಾಗೇ ಬಳಸಲು ಆಗುವುದಿಲ್ಲ. ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸುತ್ತಾರೆ. ಎಷ್ಟೋ ಕಡೆ ಆ ಹಿಟ್ಟು ಮೈದಾ, ಕೆಲವು ಕಡೆ ಅಕ್ಕಿಹಿಟ್ಟು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಅಕ್ಕಿಹಿಟ್ಟಿನದು, ಗ್ಲುಟನ್ ಫ್ರೀ ಅಂತ ಬರೆದದ್ದು ಸಿಕ್ಕರೆ ತನ್ನಿ. ಇಲ್ಲದಿದ್ದರೆ ಬೆಳ್ಳುಳ್ಳಿ ಒಗ್ಗರಣೆ.

ಹಿಂಗು ಒಂದು ಚಿಟಿಕೆ ಅಷ್ಟೇ ಅಲ್ವಾ ಅನ್ನಬೇಡಿ. ಸಾರಿನ ಪುಡಿ, ಬಿಸಿಬೇಳೆಬಾತಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಮಸಾಲೆ ಮಜ್ಜಿಗೆ ಎಲ್ಲದರಲ್ಲೂ ಅದೇ ಚಿಟಿಕೆ. ಸಾರಿನ ಪುಡಿ ಮನೆಯಲ್ಲೇ ಮಾಡಿಕೊಂಡರೆ ಅರ್ಧ ತಲೆನೋವು ಕಡಿಮೆ.

ಒಂಚೂರು ತಿಂದರೆ ಏನಾಗುತ್ತೆ? ಪಾಪ, ಆಸೆ ಇರಲ್ವಾ?

ಇದು ನಮ್ಮ ದೊಡ್ಡಮ್ಮನ ಪ್ರಶ್ನೆ. ಎಲ್ಲರ ಮನೆಯಲ್ಲೂ ಒಬ್ಬ ದೊಡ್ಡಮ್ಮ ಇರುತ್ತಾರೆ.

ಲೆಕ್ಕ ಹೇಳುತ್ತೇನೆ. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಅಂದರೆ ಸುಮಾರು 3 ಗ್ರಾಂ ಗ್ಲುಟನ್. ದಿನಾ 50 ಮಿಲಿಗ್ರಾಂ ಹೋದರೂ ಕರುಳಿಗೆ ಪೆಟ್ಟಾಗುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಆ ಚಪಾತಿಯನ್ನು ಅರವತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಒಂದು ಸಲ ತಿಂದರೆ ಕೆಲವರಿಗೆ ಅವತ್ತೇ ವಾಂತಿಭೇದಿ, ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗದವರದ್ದೇ ಜಾಸ್ತಿ ಅಪಾಯ, ಧೈರ್ಯ ಬಂದು ಇನ್ನೊಂದು ತಿನ್ನುತ್ತಾರೆ. ಕಾಯಿಸಿದರೆ, ಹುರಿದರೆ, ಕರಿದರೆ, ಹುಳಿ ಬರಿಸಿದರೆ ಗ್ಲುಟನ್ ಹೋಗುತ್ತದೆ ಅನ್ನುವುದೂ ಸುಳ್ಳು.

ಮನೆಯಲ್ಲಿ ಮಿಕ್ಕವರು ಚಪಾತಿ ತಿನ್ನಬಹುದಾ?

ತಿನ್ನಲಿ, ಆದರೆ ಸಾಮಾನು ಬೇರೆ ಇರಲಿ. ಲಟ್ಟಣಿಗೆ, ಮಣೆ, ಜರಡಿ, ಮರದ ಸೌಟು, ಒಂದು ಹೆಂಚು, ಬಾಣಲೆ. ಇವುಗಳ ಸಂದಿಯಲ್ಲಿ ಹಿಟ್ಟು ಕೂರುತ್ತದೆ. ಸ್ಟೀಲ್ ಪಾತ್ರೆ ಚೆನ್ನಾಗಿ ತಿಕ್ಕಿ ತೊಳೆದರೆ ಸಾಕು, ಹೊಸದು ಬೇಡ. ಪೂರಿ ಕರಿದ ಎಣ್ಣೆಯಲ್ಲಿ ನಿಮ್ಮ ಹಪ್ಪಳ ಕರಿಯಬೇಡಿ. ಚಪಾತಿ ಹಿಟ್ಟು ಮೆತ್ತಿದ ಕೈಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹಾಕುವ ಅಭ್ಯಾಸ ಎಲ್ಲರಿಗೂ ಇದೆ, ಅದು ಮೊದಲು ಹೋಗಬೇಕು.

ನಮ್ಮ ಮನೆಯಲ್ಲಿ ನನ್ನ ಹೆಂಚಿನ ಹಿಡಿಗೆ ಕೆಂಪು ದಾರ ಕಟ್ಟಿದೆ. ಮೊದಮೊದಲು ಅತ್ತೆಗೆ ಇದು ಮಡಿ ಮೈಲಿಗೆಯ ಹಾಗೆ ಕಂಡು ಬೇಜಾರಾಗಿತ್ತು. ಎರಡನೇ ವರ್ಷದಿಂದ ಬಂದವರಿಗೆಲ್ಲ ಅವರೇ ಕೂಗಿ ಹೇಳುತ್ತಾರೆ, "ಆ ದಾರದ್ದು ಮುಟ್ಟಬೇಡ್ರೇ!"

ಹೊರಗೆ ಹೋದಾಗ ಇಡ್ಲಿ ದೋಸೆ ಸೇಫ್ ತಾನೇ?

ಇಡ್ಲಿ ಹೆಚ್ಚುಕಡಿಮೆ ಸೇಫ್. ದೋಸೆ ಹಿಟ್ಟಿಗೆ ಕೆಲವು ಕಡೆ ಚಿರೋಟಿ ರವೆ ಅಥವಾ ಮೈದಾ ಹಾಕುತ್ತಾರೆ, ಜೊತೆಗೆ ಅದೇ ಕಾವಲಿ ಮೇಲೆ ರವೆ ದೋಸೆಯನ್ನೂ ಹುಯ್ಯುತ್ತಾರೆ. ಸಾಂಬಾರಿನಲ್ಲಿ ಹಿಂಗು ಇದ್ದೇ ಇರುತ್ತದೆ. ನಾನು ಇಡ್ಲಿಗೆ ಒಗ್ಗರಣೆ ಹಾಕದ ಕಾಯಿಚಟ್ನಿ ಕೇಳುತ್ತೇನೆ. ಸಪ್ಲೈಯರ್ ಹತ್ತಿರ "ಗ್ಲುಟನ್" ಅಂದರೆ ಉಪಯೋಗ ಇಲ್ಲ. "ಗೋಧಿ, ಮೈದಾ, ರವೆ ತಿಂದರೆ ಆಸ್ಪತ್ರೆ ಸೇರ್ತೀನಿ, ಇದರಲ್ಲಿ ಇದೆಯಾ?" ಅಂತ ಕೇಳಿ. ಒಳಗೆ ಹೋಗಿ ಭಟ್ಟರನ್ನು ಕೇಳಿಕೊಂಡು ಬರುತ್ತಾರೆ. ರೈಲು ಪ್ರಯಾಣಕ್ಕೆ ಮನೆಯಿಂದ ಒಗ್ಗರಣೆ ಅವಲಕ್ಕಿ, ಮೊಸರನ್ನ, ಬಾಳೆಹಣ್ಣು ಕಟ್ಟಿಕೊಳ್ಳಿ.

ಪ್ರಸಾದ ಬೇಡ ಅನ್ನೋದು ಹೇಗೆ?

ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಪೂರ್ತಿ ರವೆ. ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟುಬಿಡಿ, ಆಮೇಲೆ ಕೈ ತೊಳೆಯಿರಿ. ಪಂಚಾಮೃತ, ಹಣ್ಣು, ಕಲ್ಲುಸಕ್ಕರೆ ಆಗುತ್ತದೆ. ಏಕಾದಶಿಗೆ, ಶನಿವಾರದ ಒಪ್ಪತ್ತಿಗೆ ಅನ್ನ ಬೇಡ ಅಂತ ಉಪ್ಪಿಟ್ಟು ಮಾಡುವ ಮನೆಗಳಲ್ಲಿ ಸಬ್ಬಕ್ಕಿಗೋ ಸಾಮೆಗೋ ಬದಲಾಯಿಸಿಕೊಳ್ಳಿ. ಮಂಗಳೂರಿನ ನನ್ನ ಗೆಳತಿಯೊಬ್ಬಳಿಗೆ ಚರ್ಚಿನ ಪರಮಪ್ರಸಾದದ್ದೇ ಚಿಂತೆ. ಕ್ಯಾಥೊಲಿಕ್ ನಿಯಮದಂತೆ ಆ ರೊಟ್ಟಿ ಗೋಧಿಯದೇ ಆಗಿರಬೇಕು, ಆದರೆ ಗ್ಲುಟನ್ ತೀರಾ ಕಡಿಮೆ ಇರುವಂಥದ್ದಕ್ಕೆ ಒಪ್ಪಿಗೆ ಇದೆ, ಬರೀ ದ್ರಾಕ್ಷಾರಸವನ್ನೂ ತೆಗೆದುಕೊಳ್ಳಬಹುದು. ಪಾದ್ರಿಗಳ ಹತ್ತಿರ ಮೊದಲೇ ಮಾತಾಡಬೇಕು.

ಮದುವೆಮನೆಯಲ್ಲಿ ನಾನು ಮೊದಲ ಪಂಕ್ತಿಗೇ ಕೂರುತ್ತೇನೆ, ಸೌಟುಗಳು ಆಗ ಇನ್ನೂ ಅದಲುಬದಲು ಆಗಿರುವುದಿಲ್ಲ. ಅನ್ನ, ತುಪ್ಪ, ಮೊಸರು ತಿನ್ನುತ್ತೇನೆ, ಪಾಯಸ ಮಾತ್ರ ಯಾವುದರದು ಅಂತ ಕೇಳಿಕೊಂಡು. ಹೊಟ್ಟೆಗೆ ಮನೆಯಲ್ಲೇ ಒಂದಿಷ್ಟು ಹಾಕಿಕೊಂಡೇ ಹೋಗಿರುತ್ತೇನೆ.

ಓಟ್ಸ್ ತಿನ್ನಬಹುದಾ?

ಓಟ್ಸ್ ತಾನಾಗಿ ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ. ಆದರೆ ಸಾಮಾನ್ಯ ಓಟ್ಸಿನಲ್ಲಿ ಗೋಧಿ, ಬಾರ್ಲಿ ಬೆರೆತಿರುತ್ತದೆ. ಗ್ಲುಟನ್ ಫ್ರೀ ಅಂತ ಬರೆದದ್ದು ಮಾತ್ರ, ಅದೂ ಡಾಕ್ಟರ್ ಸರಿ ಅಂದ ಮೇಲೆ. ನವಣೆ ಇರುವಾಗ ಇದರ ಉಸಾಬರಿ ಯಾಕೆ ಅಂತ ನನ್ನ ಅಭಿಪ್ರಾಯ.

ಪ್ಯಾಕೆಟ್ ಮೇಲೆ ಏನು ನೋಡಬೇಕು?

ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ ನಿಯಮದಂತೆ ಕೆಜಿಗೆ 20 ಮಿಲಿಗ್ರಾಂ ಒಳಗೆ ಗ್ಲುಟನ್ ಇದ್ದರೆ ಮಾತ್ರ ಗ್ಲುಟನ್ ಫ್ರೀ ಅಂತ ಬರೆಯಬಹುದು. ಅಮೆರಿಕದಲ್ಲೂ ಅದೇ ಅಂಕಿ, ಅಲ್ಲಿರುವ ಮಕ್ಕಳಿಗೆ ಹೇಳಿ. ರಿಫೈನ್ಡ್ ವೀಟ್ ಫ್ಲೋರ್ ಅಂದರೆ ಮೈದಾ, ಸೆಮೊಲಿನಾ ಅಂದರೆ ರವೆ, ಮಾಲ್ಟ್ ಎಕ್ಸ್‌ಟ್ರಾಕ್ಟ್ ಅಂದರೆ ಸಾಮಾನ್ಯವಾಗಿ ಬಾರ್ಲಿ. ವೀಟ್ ಫ್ರೀ ಅಂತ ಮಾತ್ರ ಇದ್ದರೆ ಬಾರ್ಲಿ ಇರಬಹುದು. ಬಕ್‌ವೀಟ್ ಮಾತ್ರ ಹೆಸರಿಗಷ್ಟೇ ವೀಟ್, ಗೋಧಿಗೂ ಅದಕ್ಕೂ ಸಂಬಂಧ ಇಲ್ಲ. ಮಾತ್ರೆಗಳಲ್ಲಿ ಹೆಚ್ಚಾಗಿ ಇರುವುದು ಮೆಕ್ಕೆಜೋಳದ ಪಿಷ್ಟ, ಆದರೂ ಒಂದು ಸಲ ಔಷಧಿ ಅಂಗಡಿಯಲ್ಲಿ ಕೇಳಿ.

ಗ್ಲುಟನ್ ಫ್ರೀ ಬಿಸ್ಕತ್ತು, ಕೇಕು ಆರೋಗ್ಯಕ್ಕೆ ಒಳ್ಳೆಯದು ಅಂತೇನಿಲ್ಲ. ಬಿಳಿ ಅಕ್ಕಿಹಿಟ್ಟು, ಪಿಷ್ಟ, ಸಕ್ಕರೆ. ಬೆಲೆ ಮಾತ್ರ ದುಪ್ಪಟ್ಟು.

ಮಗುವಿಗೆ ಸೀಲಿಯಾಕ್ ಅಂತಾಗಿದೆ. ಸ್ಕೂಲಿನಲ್ಲಿ ಹೇಗೆ?

ಡಾಕ್ಟರ್ ಚೀಟಿಯ ಒಂದು ಕಾಪಿ ಟೀಚರಿಗೆ ಕೊಡಿ. ಬಿಸಿಯೂಟದಲ್ಲಿ ಹೆಚ್ಚು ಅನ್ನವೇ ಇದ್ದರೂ ಅಡುಗೆಯವರನ್ನು ನೀವೇ ಹೋಗಿ ಭೇಟಿ ಮಾಡಿ, ಉಪ್ಪಿಟ್ಟಿನ ದಿನ ಯಾವುದು ಅಂತ ತಿಳಿದುಕೊಳ್ಳಿ. ಡಬ್ಬಿ ಹಂಚಿಕೊಳ್ಳಬೇಡ ಅಂತ ಮಗುವಿಗೆ ಹೇಳುವುದು ಕಷ್ಟ, ಗೊತ್ತು. ಯಾರದ್ದಾದರೂ ಹುಟ್ಟುಹಬ್ಬಕ್ಕೆ ಕೇಕ್ ಬಂದಾಗ ಕೊಡಲು ಟೀಚರ್ ಹತ್ತಿರ ಕಡಲೆಮಿಠಾಯಿಯ ಒಂದು ಡಬ್ಬ ಇಟ್ಟಿರಿ. ಆಟದ ಬಣ್ಣದ ಹಿಟ್ಟಿನಲ್ಲೂ ಗೋಧಿ ಇರುತ್ತದೆ, ಆಡಿದ ಕೈ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಎಷ್ಟು ದಿನಕ್ಕೆ ಹುಷಾರಾಗುತ್ತದೆ?

ಹೊಟ್ಟೆ ಕೆಲವೇ ವಾರಗಳಲ್ಲಿ ಹಗುರ ಆಗುತ್ತದೆ. ಟಿಟಿಜಿ ಇಳಿಯಲು ತಿಂಗಳುಗಳು, ಕೆಲವರಿಗೆ ವರ್ಷದ ಮೇಲೆ. ದೊಡ್ಡವರ ಕರುಳು ಪೂರ್ತಿ ಮಾಯಲು ಇನ್ನೂ ಜಾಸ್ತಿ ಹಿಡಿಯುತ್ತದೆ, ಮಕ್ಕಳದ್ದು ಬೇಗ. ಶುರುವಿನಲ್ಲಿ ಹಾಲು ಒಗ್ಗದಿರಬಹುದು, ಕರುಳು ಸರಿಹೋದ ಹಾಗೆ ಅದೂ ಸರಿಹೋಗುತ್ತದೆ. ಕಬ್ಬಿಣ, ಬಿ12, ಡಿ ವಿಟಮಿನ್, ಥೈರಾಯ್ಡ್, ಮೂಳೆಯ ಗಟ್ಟಿತನ ಇವನ್ನೆಲ್ಲ ಒಮ್ಮೆ ನೋಡಿಸಿ. ತೂಕ ಏರಿದರೆ ಗಾಬರಿ ಬೇಡ. ತಿಂದದ್ದು ಈಗ ಮೈಗೆ ಹತ್ತುತ್ತಿದೆ.

ಮನೆಯವರೂ ಟೆಸ್ಟ್ ಮಾಡಿಸಬೇಕಾ?

ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳು ಮಾಡಿಸಲಿ. ಅವರಲ್ಲಿ ಹತ್ತಕ್ಕೆ ಒಬ್ಬರವರೆಗೂ ಇರಬಹುದು ಅನ್ನುತ್ತಾರೆ, ಲಕ್ಷಣ ಇಲ್ಲದೆಯೂ. ನನ್ನ ತಮ್ಮ ಎರಡು ವರ್ಷ ತಪ್ಪಿಸಿಕೊಂಡು ಓಡಾಡಿದ. ಈಗ ಅವನೂ ಮುದ್ದೆಗೆ ಬಂದಿದ್ದಾನೆ.

ಜೋಳದ ರೊಟ್ಟಿ ತಟ್ಟಿದರೆ ಬಿರಿಯುತ್ತದೆ. ಏನು ಮಾಡಲಿ?

ಚಪಾತಿಯನ್ನು ಹಿಡಿದಿಡುವ ಗ್ಲುಟನ್ ಇದರಲ್ಲಿ ಇಲ್ಲ, ಅದಕ್ಕೆ ಬಿರಿಯುತ್ತದೆ. ನನಗೂ ಮೊದಲ ಆರು ತಿಂಗಳು ನಕ್ಷೆಗಳೇ ಬರುತ್ತಿದ್ದವು. ವಿಜಯಪುರದ ಪಕ್ಕದ ಮನೆಯವರು ಕಲಿಸಿಕೊಟ್ಟರು. ಹಿಟ್ಟು ಹೊಸದಾಗಿರಬೇಕು, ಹಳೆಯದಾದಷ್ಟೂ ಜಿಗುಟು ಹೋಗುತ್ತದೆ. ತಣ್ಣೀರಲ್ಲಿ ಕಲಸಬೇಡಿ. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರು ಹಾಕಿ, ಸೌಟಿನಲ್ಲಿ ತಿರುವಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈ ಬುಡದಿಂದ ಚೆನ್ನಾಗಿ ನಾದಿ. ಒಂದೊಂದೇ ಉಂಡೆಗೆ ಬೇಕಾದಷ್ಟು ಮಾತ್ರ ನಾದಿಕೊಂಡು ತಟ್ಟಿ. ಹೆಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಮಗುಚಿ. ಆಮೇಲೆ ಬೆಂಕಿಗೆ ಹಿಡಿದರೆ ಉಬ್ಬುತ್ತದೆ. ಮೊದಲನೆಯದು ಉಬ್ಬದಿದ್ದರೆ ಹೆಂಚು ಇನ್ನೂ ಕಾದಿಲ್ಲ, ಅದನ್ನು ನೀವೇ ತಿಂದುಬಿಡಿ, ಎರಡನೆಯದು ಬರುತ್ತದೆ.